ಬೆನ್ನಿನ ಪಕ್ಕದ ಗೀರು

ಸಿರಿಲ್ ಬ್ರೂಮ್‌ಹೆಡ್ ತನ್ನ ಜೀವಮಾನದಲ್ಲಿ ಮಾಡಿದ ಜೇಬುಚಾಕುಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟರೆ ವಾಕ್ಲಿಯ ಗುಡ್ಡದಿಂದ ಶೆಫೀಲ್ಡ್ ರೈಲು ನಿಲ್ದಾಣದವರೆಗೆ ಸಾಲು ಬರುತ್ತದೆ ಎಂದು ಅವನ ಹೆಂಡತಿ ಹೆಟ್ಟಿ ಹೇಳುತ್ತಿದ್ದಳು. ಆ ಸಾಲಿನ ಒಂದು ಚಾಕುವಿನ ಮೇಲೂ ಅವನ ಹೆಸರಿರಲಿಲ್ಲ. ಇರುವ ಪದ್ಧತಿಯೂ ಅಲ್ಲ. ಅಲಗುಗಳು ಟಿಂಬ್ರೆಲ್ ಬ್ರದರ್ಸ್ ಕಂಪನಿಯಿಂದ ಬುಟ್ಟಿಯಲ್ಲಿ ಬರುವಾಗಲೇ ಬುಡದಲ್ಲಿ ಆ ಹೆಸರು ಹೊಡೆಸಿಕೊಂಡು ಬರುತ್ತಿದ್ದವು. ಓಣಿಯೊಳಗಿನ ಅಂಗಳದಲ್ಲಿ ಬಾಡಿಗೆಗೆ ಹಿಡಿದ ಮೇಜೊಂದರ ಮುಂದೆ ಕೂತು, ಅಲಗಿಗೆ ಬೆನ್ನಿನ ಸ್ಪ್ರಿಂಗ್ ಕೂಡಿಸಿ, ಎರಡು ಬದಿಗೆ ಮೂಳೆಯದೋ ಕೊಂಬಿನದೋ ಹಿಡಿ ಜೋಡಿಸಿ, ತೆರೆದರೆ 'ಕಟ್' ಎಂದು ನಿಲ್ಲುವಂತೆ, ಮಡಿಚಿದರೆ 'ಟಪ್' ಎಂದು ಕೂರುವಂತೆ ಮಾಡುವುದು ಅವನ ಕೆಲಸ. ಹೀಗೆ ಸ್ವಂತ ಕೈಯಲ್ಲಿ ದುಡಿದು ಬೇರೆಯವರ ಹೆಸರಿಗೆ ಮಾಲು ಕೊಡುವವರನ್ನು ಊರಿನಲ್ಲಿ ಚಿಕ್ಕ ಮೇಸ್ತ್ರಿಗಳು ಎನ್ನುತ್ತಿದ್ದರು. ಮರ್ಯಾದೆಯ ಮಾತು ಅದು. ಆದರೆ ಆ ಮರ್ಯಾದೆ ಅಂಗಳದ ಬಾಗಿಲು ದಾಟುತ್ತಿರಲಿಲ್ಲ.

ಹೆಟ್ಟಿ ಟಿಂಬ್ರೆಲ್‌ನವರ ಪಾಲಿಷ್ ಅಂಗಡಿಗೆ ಸೇರಿದ್ದು ಶಾಲೆ ಬಿಟ್ಟ ಬೇಸಿಗೆಯಲ್ಲಿ. ಅಲ್ಲಿನ ಹುಡುಗಿಯರು ತಲೆಗೆ ಕೆಂಪು ಬಟ್ಟೆ ಬಿಗಿದು, ಕಾಲಿಗೆ ಕಂದು ಕಾಗದ ಸುತ್ತಿ, ಎದೆಗೆ ಹಳೆಯ ಪತ್ರಿಕೆ ಕಟ್ಟಿಕೊಂಡು, ತಿರುಗುವ ಚಕ್ರದ ಮುಂದೆ ದಿನವಿಡೀ ಬಾಗಿ ಕೂರುತ್ತಿದ್ದರು. ಮರಳು, ಎಣ್ಣೆ, ಕಬ್ಬಿಣದ ಮಸಿ ಬೆರೆತು ಸಂಜೆಯ ಹೊತ್ತಿಗೆ ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಟ್ರಾಮಿನಲ್ಲಿ ಜನ ಸರಿದು ಕೂರುತ್ತಿದ್ದರು. ಆ ಹುಡುಗಿಯರು ಬಾಯಿಜೋರು, ಭಜನೆಯನ್ನೂ ಹಾಡುತ್ತಾರೆ, ಬೈಗುಳವನ್ನೂ ಹಾಡುತ್ತಾರೆ ಎಂದು ಊರು ಹೇಳುತ್ತಿತ್ತು. ಎರಡೂ ನಿಜ. ಮೊದಲ ದಿನವೇ ಅಲ್ಲಿನ ಹಿರಿಯಾಕೆ ಹೆಟ್ಟಿಯ ಕಿವಿ ಹಿಡಿದು ಎರಡು ಮಾತು ಹೇಳಿದ್ದಳು.

"ಹೆಸರಿನ ಮೇಲೆ ಚಕ್ರ ಆಡಿಸ್ದೆ ಅಂದ್ರೆ ಮನೇಗ್ ಹೋಗು. ಗೀರು ಉಳಿಸ್ದೆ ಅಂದ್ರೂ ಮನೇಗ್ ಹೋಗು. ಇವೆರಡು ಗೊತ್ತಿದ್ರೆ ಸಾಕು, ದೇವ್ರು ಗೊತ್ತಿಲ್ದಿದ್ರೂ ನಡೀತದೆ."

ಹೆಟ್ಟಿ ಈ ಎರಡು ಮಾತನ್ನೂ ಜೀವನಪೂರ್ತಿ ಮೀರಲಿಲ್ಲ. ಮುಂದೆ ನಡೆದದ್ದಕ್ಕೆ ಕಾರಣ ಅದೇ.

ಪಾಲಿಷ್ ಆದ ಬಿಡಿಭಾಗಗಳ ಬುಟ್ಟಿಯನ್ನು ಅಂಗಳಕ್ಕೆ ತಲುಪಿಸಲು ಹೋದಾಗ ಸಿರಿಲ್ ಪರಿಚಯವಾದದ್ದು. ಅವನು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಒಂದು ಅಲಗನ್ನು ಹಿಂದಕ್ಕೆ ಚಾಚಿದ.

"ಇದ್ರ ಮೇಲೆ ನಿನ್ನ ಬೆರಳಚ್ಚಿದೆಯಲ್ಲೇ ಹುಡುಗಿ."

"ಇಟ್ಕೋ. ಪುಕ್ಕಟೆ."

ಆ ವರ್ಷವೇ ಮದುವೆಯಾಯಿತು. ಮಕ್ಕಳಾಗಲಿಲ್ಲ. ಮೂವತ್ತರ ಹತ್ತಿರ ಎದೆ ಕೆಟ್ಟು ಹೆಟ್ಟಿ ಪಾಲಿಷ್ ಅಂಗಡಿ ಬಿಟ್ಟಳು. ಸಿರಿಲ್ ಬಿಡಲಿಲ್ಲ, ಕೆಲಸವೇ ಅವನನ್ನು ಬಿಟ್ಟಿತು. ಹೊರದೇಶದ ಅಗ್ಗದ ಚಾಕುಗಳು ಬಂದವು, ಟಿಂಬ್ರೆಲ್ ಬ್ರದರ್ಸ್ ಬಾಗಿಲು ಹಾಕಿತು, ಅಂಗಳವನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದರು. ಸಿರಿಲ್ ತನ್ನ ಮೇಜಿದ್ದ ಜಾಗದಲ್ಲಿ ಒಂದು ಹಸಿರು ಕಾರು ನಿಂತಿರುವುದನ್ನು ನೋಡಿಬಂದು, "ಒಳ್ಳೇ ಬಣ್ಣ" ಎಂದಷ್ಟೇ ಹೇಳಿದ.

ಆಮೇಲೆ ಅವನಿಗೆ ಭಾನುವಾರದ ಹಳೇ ಸಾಮಾನಿನ ಸಂತೆಯ ಗೀಳು ಹಿಡಿಯಿತು. ಹಳೆಯ ಜೇಬುಚಾಕು ಕೊಳ್ಳುವ ಗಂಡಸರು ಆ ಊರಿನಲ್ಲಿ ಬೇಕಾದಷ್ಟಿದ್ದರು. ಯಾರೂ ತೆರೆಯದ, ಯಾರೂ ಸಾಣೆ ಹಿಡಿಯದ ಚಾಕುಗಳನ್ನು ಮಖಮಲ್ಲಿನ ತಟ್ಟೆಯಲ್ಲಿ ಮಲಗಿಸಿಟ್ಟು, ಊದಿ ಊದಿ ನೋಡುವವರು. ಸಿರಿಲ್ ಹುಡುಕುತ್ತಿದ್ದದ್ದು ಬೇರೆ. ತಾನೇ ಮಾಡಿದ ಚಾಕುಗಳನ್ನು ಅವನು ಒಂದೊಂದಾಗಿ ವಾಪಸು ತರುತ್ತಿದ್ದ. ಟಿಂಬ್ರೆಲ್ ಹೆಸರಿನ ಚಾಕು ಕಂಡರೆ ಎತ್ತಿ, ಅರ್ಧ ತೆರೆದು, ಜೇಬಿನಿಂದ ಭೂತಗನ್ನಡಿ ತೆಗೆದು ಬೆನ್ನನ್ನು ಬೆಳಕಿಗೆ ಓರೆಮಾಡಿ ನೋಡುತ್ತಿದ್ದ. ಕೆಲವನ್ನು ಅಲ್ಲೇ ಇಡುತ್ತಿದ್ದ. ಕೆಲವನ್ನು ಮಾತಿಲ್ಲದೆ ಕೊಳ್ಳುತ್ತಿದ್ದ.

"ನಿಂದೇ ಅಂತ ಹೇಗ್ ಗೊತ್ತಾಗುತ್ತೆ?" ಎಂದು ಹೆಟ್ಟಿ ಕೇಳಿದಳು.

"ಕೈಗೆ ಗೊತ್ತಾಗುತ್ತೆ."

"ಕೈಗೆ ಗೊತ್ತಾಗೋದಾದ್ರೆ ಭೂತಗನ್ನಡಿ ಯಾಕೋ?"

"ಕೈಗೂ ವಯಸ್ಸಾಯ್ತಲ್ಲೇ."

ಮನೆಗೆ ತಂದವನ್ನು ಅವನು ತಟ್ಟೆಯಲ್ಲಿ ಮಲಗಿಸಲಿಲ್ಲ. ಎಲ್ಲದಕ್ಕೂ ಸರದಿಯ ಮೇಲೆ ಕೆಲಸ ಕೊಡುತ್ತಿದ್ದ. ಇವತ್ತು ಒಂದರಿಂದ ಸೇಬು, ನಾಳೆ ಇನ್ನೊಂದರಿಂದ ಹೊಗೆಸೊಪ್ಪು, ಅದರ ಮರುದಿನ ಬಾಗಿದ ಅಲಗಿನದರಿಂದ ತೋಟದ ತುಂಡಿನಲ್ಲಿ ಹುಳಿದಂಟು. ಸೇಬಿನ ರಸಕ್ಕೂ ದಂಟಿನ ಹುಳಿಗೂ ಅಲಗುಗಳು ಕಪ್ಪಾಗಿ, ನೀಲಿಯಾಗಿ, ಮಳೆ ಬಿದ್ದ ಗೋಡೆಯಂತೆ ಕಲೆಗಟ್ಟಿದ್ದವು. ಪಾಲಿಷ್ ಅಂಗಡಿಯಲ್ಲಿ ಬೆಳೆದವಳಿಗೆ ಅದು ನೋಡಲಾಗದ ನೋಟ.

"ಭಿಕ್ಷುಕರ ಮೆರವಣಿಗೆ ಇದ್ದ ಹಾಗಿದೆ," ಎನ್ನುತ್ತಿದ್ದಳು.

"ದುಡಿಯೋರು ಹೀಗೇ ಇರ್ತಾರೆ," ಎನ್ನುತ್ತಿದ್ದ ಅವನು.

ಹೀಗಿರುವಾಗ ನಗರದ ವಸ್ತುಸಂಗ್ರಹಾಲಯದ ಮಿಸ್ ಪೆನಿಂಗ್ಟನ್ ಎಂಬಾಕೆಯಿಂದ ಫೋನು ಬಂತು. ಕಂಪನಿಗಳ ಹೆಸರಿನ ಹಿಂದೆ ಮರೆಯಾಗಿದ್ದ ಕೆಲಸಗಾರರಿಗೆಂದು ಹೊಸ ಕೋಣೆಯೊಂದನ್ನು ತೆರೆಯುತ್ತಿದ್ದೇವೆ, ಒಂದು ಗಾಜಿನ ಪೆಟ್ಟಿಗೆಯಲ್ಲಿ ಜೇಬುಚಾಕುಗಳನ್ನಿಟ್ಟು, ಮಾಡಿದವರ ಹೆಸರನ್ನು ಅಚ್ಚುಹಾಕಿಸಿ ಪಕ್ಕದಲ್ಲಿಡುತ್ತೇವೆ ಎಂದಳು. ಒಂದೇ ತೊಡಕು. ಹಿಂದೊಮ್ಮೆ ಯಾರೋ ಮುದುಕ ಸತ್ತ ಬೇರೊಬ್ಬನ ಚಾಕುಗಳನ್ನು ತನ್ನವೆಂದು ಹೇಳಿ, ಆ ಸತ್ತವನ ಮಕ್ಕಳು ಪತ್ರಿಕೆಗೆ ಬರೆದು ರಂಪವಾಗಿತ್ತು. ಈಗ ಸಮಿತಿಯವರು ಪುರಾವೆಯಿಲ್ಲದೆ ಹೆಸರು ಹಾಕುವುದಿಲ್ಲ.

ಸಿರಿಲ್ ನಡುಮನೆಯ ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಫೋನಿನಲ್ಲಿ ಮಾತಾಡಿದ. ಹೊರಬಂದಾಗ ಅವನ ಕಿವಿ ಕೆಂಪಾಗಿತ್ತು.

"ಏನಂತೆ?"

"ಬರ್ತಾಳಂತೆ. ಪುರಾವೆ ನೋಡೋಕೆ."

"ಯಾವ ಪುರಾವೆ? ನಿನ್ನ ಕೈನ ಕತ್ತರಿಸಿ ಪೆಟ್ಟಿಗೇಲಿಡ್ತಾರಾ?"

"ಇದೆ ಪುರಾವೆ. ಬಂದಾಗ ತೋರಿಸ್ತೀನಿ."

"ನಂಗೆ ತೋರ್ಸು."

"ಪಾಲಿಷ್ ಅಂಗಡಿಗೆ ಹೇಳೋದೂ ಒಂದೇ, ಚರ್ಚಿನ ಗಂಟೆ ಹೊಡಿಯೋದೂ ಒಂದೇ."

ಅವಳು ಆ ಅಂಗಡಿ ಬಿಟ್ಟು ಅರ್ಧ ಆಯುಸ್ಸು ಕಳೆದಿತ್ತು. ಆದರೂ ಹಳೆಯ ಹಾಸ್ಯವೆಂದು ನಕ್ಕಳು. ಅವಳಿಗೆ ಪುರಾವೆಯ ಚಿಂತೆ ಇರಲಿಲ್ಲ, ಸಿರಿಲ್ ಇದೆ ಎಂದರೆ ಇದೆ. ಅವಳ ಕಣ್ಣಿಗೆ ಕಟ್ಟಿದ್ದು ಆ ಚೀಟಿ. ಬಿಳಿಯ ದಪ್ಪ ಕಾಗದ, ಕಪ್ಪು ಅಕ್ಷರ, ಸಿರಿಲ್ ಬ್ರೂಮ್‌ಹೆಡ್. ಗಂಡನಿಗೆ ಮಗನಿಲ್ಲ, ಅಂಗಳವಿಲ್ಲ, ಅವನು ಕೂತ ಮೇಜನ್ನು ಯಾರೋ ಉರಿಸಿ ಚಳಿ ಕಾಯಿಸಿಕೊಂಡಾಗಿತ್ತು. ಹೆಸರೊಂದು ಗಾಜಿನ ಹಿಂದೆ ಉಳಿದರೆ ಸಾಕು ಎಂದು ಅವಳಿಗೆ ಬಲವಾಗಿ ಅನ್ನಿಸಿತು. ಜೀವನದಲ್ಲಿ ಅವಳು ಅಷ್ಟು ಬಲವಾಗಿ ಬಯಸಿದ ವಸ್ತು ಇನ್ನೊಂದಿರಲಿಲ್ಲ. ಮಾಂಸದಂಗಡಿಯವನಿಗೆ ಹೇಳಿದಳು, ಪಕ್ಕದ ಮನೆಗೆ ಹೇಳಿದಳು.

ಮಿಸ್ ಪೆನಿಂಗ್ಟನ್ ಬರುವುದಕ್ಕೆ ಮೊದಲಿನ ವಾರ ಸಿರಿಲ್ ಎದೆ ಕಟ್ಟಿ, ಮಹಡಿಯ ಕೋಣೆಯಲ್ಲಿ ಹಾಸಿಗೆ ಹಿಡಿದ. ಕೆಳಗೆ ಹೆಟ್ಟಿ ಚಾಕುಗಳ ಡಬ್ಬಿ ತೆರೆದು ನೋಡಿದಳು. ಭಿಕ್ಷುಕರ ಮೆರವಣಿಗೆ. ಇವುಗಳನ್ನು ಹೀಗೆಯೇ ಊರಿನ ಮುಂದೆ ಇಡುವುದೆ? ಅವಳು ಅವುಗಳನ್ನು ಟವೆಲಿನಲ್ಲಿ ಗಂಟುಕಟ್ಟಿ, ಗುಡ್ಡ ಇಳಿದು ಡಾಲಿ ವೈಲ್ಡ್‌ಗೂಸ್‌ಳ ಬಳಿ ಹೋದಳು. ಡಾಲಿ ಅವಳ ಹಳೆಯ ಜೊತೆಗಾತಿ. ಹೋಟೆಲಿನ ಚಮಚಗಳಿಗೆ ಹೊಳಪು ಕೊಡುತ್ತ ಎರಡು ಚಕ್ರಗಳ ಸಣ್ಣ ಅಂಗಡಿಯೊಂದನ್ನು ಇನ್ನೂ ಜೀವ ಹಿಡಿದು ನಡೆಸುತ್ತಿದ್ದಳು.

"ನಿನ್ನ ಎದೆಗೆ ಆಗಲ್ಲ ಕಣೇ ಇದು. ಕೊಡು, ನಾನು ಮಾಡ್ತೀನಿ," ಎಂದಳು ಡಾಲಿ.

"ನನ್ನ ಗಂಡನ ಚಾಕು. ನಾನೇ ಮಾಡ್ತೀನಿ."

"ಇನ್ನೂ ಅದೇ ಹಠ ಕಣೇ ನಿಂದು. ಹಾಗಾದ್ರೆ ಬಾ, ಕಾಲಿಗೆ ಕಾಗದ ಸುತ್ತು."

ಹೆಟ್ಟಿ ತಲೆಗೆ ಬಟ್ಟೆ ಬಿಗಿದಳು, ಎದೆಗೆ ಪತ್ರಿಕೆ ಕಟ್ಟಿದಳು. ಮೊದಲು ಮರಳು ಮತ್ತು ಎಣ್ಣೆಯ ಚರ್ಮದ ಚಕ್ರ, ಆಮೇಲೆ ಬಟ್ಟೆಯ ಚಕ್ರ. ಕೈ ಏನನ್ನೂ ಮರೆತಿರಲಿಲ್ಲ. ಅಲಗಿನ ಬುಡಕ್ಕೆ ಬಂದಾಗ ಹೆಬ್ಬೆರಳು ತಾನಾಗಿ ಅಡ್ಡ ಹೋಗಿ ಟಿಂಬ್ರೆಲ್ ಹೆಸರನ್ನು ಕಾಯುತ್ತಿತ್ತು. ಗಂಡನ ಹೆಸರಿಗಾಗಿ ಮಾಡಿದ ಕೆಲಸವೇನೋ ನಿಜ, ಆದರೆ ಅದರಲ್ಲಿ ಅವಳ ಸ್ವಂತದ ಆಸೆಯೂ ಇತ್ತು. ತನ್ನ ಕೈಯ ಹೊಳಪನ್ನು ಊರು ಒಂದು ಸಲ ನಿಂತು ನೋಡಲಿ ಎಂಬ ಆಸೆ. ಅದನ್ನು ಇಲ್ಲವೆನ್ನುವುದರಲ್ಲಿ ಅರ್ಥವಿಲ್ಲ.

ಸೋಮಾರಿಯಾದ ಪಾಲಿಷ್‌ನವಳು ಚಾಕುವಿನ ಬೆನ್ನನ್ನು ಮೇಲಿಂದ ಉಜ್ಜಿ ಬಿಡುತ್ತಾಳೆ. ಹೆಟ್ಟಿ ಸೋಮಾರಿಯಲ್ಲ. ಅಲಗನ್ನು ಅರ್ಧ ತೆರೆದು ಹಿಡಿದರೆ ಬೆನ್ನಿನ ಸ್ಪ್ರಿಂಗ್ ತುಸು ಮೇಲೇಳುತ್ತದೆ. ಬೇರೆ ಹೊತ್ತಿನಲ್ಲಿ ಹಿಡಿಯೊಳಗೆ ಮುಳುಗಿರುವ ಅದರ ಪಕ್ಕೆ ಆಗ ಮಾತ್ರ ಕಾಣುತ್ತದೆ. ಅಲ್ಲಿ ಒಂದು ಗೀರಿತ್ತು. ಅವಳು ಇನ್ನೊಂದನ್ನು ತೆರೆದಳು. ಅಲ್ಲೂ ಇತ್ತು.

"ಡಾಲಿ, ಇಲ್ಲಿ ನೋಡೇ. ಎಲ್ಲದ್ರಲ್ಲೂ ಒಂದೇ ಕಡೆ."

ಡಾಲಿ ಕನ್ನಡಕ ಏರಿಸಿ ನೋಡಿದಳು. "ವೈಸಿನ ಹಲ್ಲು ಕಚ್ಚಿದೆ. ಯಾವ ದಡ್ಡ ಜೋಡಿಸಿದ್ನೋ."

"ನನ್ನ ಗಂಡನೇ ಕಣೇ!"

ಇಬ್ಬರೂ ಕೆಮ್ಮು ಬರುವವರೆಗೆ ನಕ್ಕರು. ಸಿರಿಲ್‌ನ ಮೇಜಿನ ಮೇಲಿದ್ದ, ಚಾಕುವನ್ನು ಬಿಗಿದು ಹಿಡಿಯುವ ಹಳೆಯ ವೈಸಿನ ದವಡೆಯಲ್ಲಿ ಒಂದು ಹಲ್ಲು ಮುರಿದದ್ದು ಹೆಟ್ಟಿಗೆ ನೆನಪಿತ್ತು. ಬದಲಾಯಿಸು ಎಂದು ಮದುವೆಯಾದ ಹೊಸದರಲ್ಲಿ ಅವಳೇ ಹೇಳಿದ್ದಳು. ಇಡೀ ಊರಿನ ಕೆಲಸದಲ್ಲಿ ಕುಂದು ಹುಡುಕಿದವನ ಕೈಯಲ್ಲೇ ಈ ಕುಂದು! ಮಿಸ್ ಪೆನಿಂಗ್ಟನ್ ಭೂತಗನ್ನಡಿ ಹಿಡಿದು ಇದನ್ನು ಕಂಡರೆ? ಹೆಟ್ಟಿ ತೆಳುವಾದ ಚಕ್ರವೊಂದನ್ನು ಹಾಕಿಸಿಕೊಂಡು, ಒಂದೊಂದು ಚಾಕುವನ್ನೂ ಅರ್ಧ ತೆರೆದು, ಚಕ್ರದ ಅಂಚನ್ನು ಆ ಸಂದಿಗೆ ಕೊಟ್ಟು, ಒಂದೊಂದು ಗೀರನ್ನೂ ತೆಗೆದಳು. ಕಷ್ಟದ ಕೆಲಸ. ಡಾಲಿಯೇ ಬೆರಗಾಗಿ ನಿಂತಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯನ್ನು ಹಿಡಿದವಳೂ ಕುಂಬಾರಗಿತ್ತಿಯೇ.

ಮಿಸ್ ಪೆನಿಂಗ್ಟನ್ ಬಂದ ಮಧ್ಯಾಹ್ನ ಹೆಟ್ಟಿ ಒಳ್ಳೆಯ ಕಪ್ಪು-ಬಸಿಗಳನ್ನು ಇಳಿಸಿ, ಹಂದಿಮಾಂಸದ ಕಡುಬು ಕೊಯ್ದು ಇಟ್ಟಿದ್ದಳು. ಸಿರಿಲ್ ಕೋಟು ಹಾಕಿ, ಗೋಡೆ ಹಿಡಿದು ಕೆಳಗಿಳಿದು ಬಂದ. ಮೇಜಿನ ಮೇಲೆ ಟವೆಲು ಮುಚ್ಚಿದ ತಟ್ಟೆಯಿತ್ತು.

"ತೆಗಿ ನೋಡೋಣ, ಮುದುಕಪ್ಪ," ಎಂದಳು ಹೆಟ್ಟಿ.

ಅವನು ತೆಗೆದ. ಕಿಟಕಿಯ ಬೆಳಕು ಅಲಗುಗಳಿಂದ ಹಾರಿ ಚಾವಣಿಗೆ ಬಡಿಯಿತು. ಕಲೆಯಿಲ್ಲ, ಕಪ್ಪಿಲ್ಲ, ಸಾಲುಸಾಲಾಗಿ ಟಿಂಬ್ರೆಲ್ ಬ್ರದರ್ಸ್, ಟಿಂಬ್ರೆಲ್ ಬ್ರದರ್ಸ್, ಟಿಂಬ್ರೆಲ್ ಬ್ರದರ್ಸ್.

"ಯಾರು ಮಾಡಿದ್ದು?"

"ಇನ್ಯಾರು? ಟ್ರಾಮಲ್ಲಿ ಜನ ಸರಿದು ಕೂರ್ತಿದ್ರಲ್ಲ, ಅವಳು."

"ಅಬ್ಬಾ, ಎಂಥ ಕೆಲಸ ಮಿಸೆಸ್ ಬ್ರೂಮ್‌ಹೆಡ್," ಎಂದಳು ಮಿಸ್ ಪೆನಿಂಗ್ಟನ್. ಆದರೆ ಅವಳ ದನಿಯಲ್ಲಿ ಒಂದು ತಡವರಿಕೆ ಇತ್ತು. ಅವಳು ಸಿರಿಲ್‌ನತ್ತ ನೋಡಿದಳು. ಸಿರಿಲ್ ಒಂದು ಚಾಕುವನ್ನು ಅರ್ಧ ತೆರೆದು ಭೂತಗನ್ನಡಿ ಹಿಡಿದಿದ್ದ. ಅದನ್ನು ಕೆಳಗಿಟ್ಟ. ಇನ್ನೊಂದನ್ನು ತೆರೆದ. ಅದನ್ನೂ ಕೆಳಗಿಟ್ಟ. ತಟ್ಟೆಯ ಕೊನೆಯವರೆಗೂ ಹೋದ. 'ಕಟ್', 'ಟಪ್', 'ಕಟ್', 'ಟಪ್'.

"ನೀವು ಫೋನಲ್ಲಿ ಹೇಳಿದ ಗುರುತು..." ಎಂದಳು ಮಿಸ್ ಪೆನಿಂಗ್ಟನ್. "ಸ್ಪ್ರಿಂಗಿನ ಪಕ್ಕೆಯಲ್ಲಿ, ಅರದ ಅಂಚಿಂದ ಒಂದು ಗೀರು ಅಂದಿದ್ರಿ. ಕಂಪನಿಯವರಿಗೆ ಗೊತ್ತಾಗಬಾರದು ಅಂತ ಕಣ್ಣಿಗೆ ಬೀಳದ ಹಾಗೆ ಹಾಕ್ತಿದ್ದೆ ಅಂತ. ಅದು ಯಾವ ಕಡೆ ಇರುತ್ತೆ?"

ಹೆಟ್ಟಿಯ ಕೈಯಲ್ಲಿ ಚಹಾದ ಕುಡಿಕೆಯಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತಳು.

"ವೈಸಿನ ಹಲ್ಲು ಅಂದ್ಕೊಂಡೆ," ಎಂದಳು.

ಸಿರಿಲ್ ಅವಳ ಕಡೆ ತಿರುಗಲಿಲ್ಲ. "ಆ ವೈಸನ್ನ ನೀನು ಹೇಳಿದ ವರ್ಷವೇ ಬದಲಾಯಿಸಿದೆ," ಎಂದ.

ಮಿಸ್ ಪೆನಿಂಗ್ಟನ್ ಒಳ್ಳೆಯವಳು. ಕೈಬಿಡದೆ ಹುಡುಕಿದಳು. ಉಜ್ಜದೆ ಉಳಿದದ್ದು ಒಂದೂ ಇಲ್ಲವೆ? ಒಂದಿತ್ತು. ಮಹಡಿಯಲ್ಲಿ ಸಿರಿಲ್‌ನ ದಿಂಬಿನ ಕೆಳಗೆ, ಹಾಸಿಗೆಯಲ್ಲೇ ಸೇಬು ಕೊಯ್ಯಲೆಂದು ಇಟ್ಟುಕೊಂಡದ್ದು. ಹೆಟ್ಟಿ ಮೆಟ್ಟಿಲು ಓಡಿ ಹತ್ತಿ, ಉಬ್ಬಸ ಪಡುತ್ತ ತಂದುಕೊಟ್ಟಳು. ಅರ್ಧ ತೆರೆದರು. ಇತ್ತು, ಕೂದಲೆಳೆಯಷ್ಟು, ಓರೆಯಾಗಿ. ಹೆಟ್ಟಿ ಉಸಿರು ಬಿಟ್ಟಳು.

"ಒಂದೇ ಇದ್ರೆ ಏನು ಪ್ರಯೋಜನ," ಎಂದ ಸಿರಿಲ್. "ಒಂದು ಗೀರು ಬರೀ ಗೀರು. ಡಬ್ಬಿ ತುಂಬ ಇದ್ರೆ ಅದು ಸಹಿ."

ಮಿಸ್ ಪೆನಿಂಗ್ಟನ್ ತಲೆಯಾಡಿಸಿದಳು. ಸಮಿತಿ ಒಪ್ಪುವುದಿಲ್ಲ. ಇನ್ನೂ ಕೆಲವು ಸಿಕ್ಕರೆ ಖಂಡಿತ ತನ್ನಿ, ಜಾಗ ಇಟ್ಟಿರುತ್ತೇನೆ ಎಂದಳು. ಸದ್ಯಕ್ಕೆ ಕೆಲವು ಚಾಕುಗಳನ್ನು ಕೇಳಿ ಪಡೆದಳು. ಅಷ್ಟು ಚೆಂದದ ಪಾಲಿಷ್ ಈಗ ಎಲ್ಲೂ ಕಾಣುವುದಿಲ್ಲ, ಮಾಡಿದ್ದನ್ನು ಡಾಲಿ ಕಣ್ಣಾರೆ ಕಂಡಿದ್ದಾಳೆ, ಹಾಗಾಗಿ ಮಿಸೆಸ್ ಬ್ರೂಮ್‌ಹೆಡ್ ಹೆಸರನ್ನು ಹಾಕಬಹುದು ಎಂದೂ ಸೇರಿಸಿದಳು.

"ಬೇಡ," ಎಂದಳು ಹೆಟ್ಟಿ.

"ಹಾಕಿ," ಎಂದ ಸಿರಿಲ್. "ಅದಾದ್ರೂ ನಿಜ."

ಅದು ಚುಚ್ಚಿದ ಮಾತೋ, ಬಿಟ್ಟುಕೊಟ್ಟ ಮಾತೋ ಹೆಟ್ಟಿಗೆ ಅಂದೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ.

ಅತಿಥಿ ಹೋದಮೇಲೆ ಕಡುಬು ಹಾಗೆಯೇ ಉಳಿದಿತ್ತು. ಹೆಟ್ಟಿ ಕೇಳಿಯೇ ಬಿಟ್ಟಳು. "ಫೋನಲ್ಲಿ ಯಾರೋ ಗುರುತಿಲ್ಲದೋಳಿಗೆ ಹೇಳ್ದೆ. ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಟಿಂಬ್ರೆಲ್‌ನೋರ ಅಂಗಡೀಲಿದ್ದೆ. ಗೊತ್ತಿದ್ದೂ ಮುಚ್ಚಿಟ್ಟೆ ಅಂತ ನಿನ್ನ ಕೆಲ್ಸಾನೂ ಹೋಗ್ತಿತ್ತು."

"ಅಂಗಡಿ ಬಿಟ್ಟು ಎಷ್ಟು ಕಾಲ ಆಯ್ತೋ! ಆಮೇಲೆ?"

ಅವನು ತಟ್ಟೆಯ ಮೇಲೆ ಟವೆಲು ಎಳೆದ. "ಆಮೇಲೆ ಅಭ್ಯಾಸ ಆಗಿಹೋಯ್ತು," ಎಂದ.

ಆ ವಿಷಯದಲ್ಲಿ ಅವರ ನಡುವೆ ನಡೆದ ಮಾತು ಅಷ್ಟೇ. ಸಿರಿಲ್ ಬೈಯಲಿಲ್ಲ. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು, ಇಬ್ಬರಿಗೂ ಹಗುರವಾಗುತ್ತಿತ್ತು. ಅವನು ಭಾನುವಾರದ ಸಂತೆಗೆ ಹೋಗುವುದನ್ನು ನಿಲ್ಲಿಸಿದ. ತಟ್ಟೆಯ ಚಾಕುಗಳನ್ನು ಮತ್ತೆ ಮುಟ್ಟಲಿಲ್ಲ. ಸೇಬು, ಹೊಗೆಸೊಪ್ಪು, ದಾರ, ಎಲ್ಲಕ್ಕೂ ದಿಂಬಿನ ಕೆಳಗಿನ ಆ ಒಂದೇ ಚಾಕು. ಮುಂದಿನ ಚಳಿಗಾಲ ಎದೆ ಮತ್ತೆ ಕಟ್ಟಿತು, ಈ ಸಲ ಬಿಡಲಿಲ್ಲ. ಸತ್ತಾಗ ಪತ್ರಿಕೆಯಲ್ಲಿ ಬಂದ ಎರಡು ಸಾಲಿಗೂ ಹೆಟ್ಟಿಯೇ ದುಡ್ಡು ಕೊಡಬೇಕಾಯಿತು.

ಅವನನ್ನು ಮಣ್ಣು ಮಾಡಿದ ಮೇಲೆ ಅವಳು ಒಂದು ಸಲ ವಸ್ತುಸಂಗ್ರಹಾಲಯಕ್ಕೆ ಹೋದಳು. ಚಾಕುಗಳು ಗಾಜಿನ ಹಿಂದೆ ಥಳಥಳಿಸುತ್ತಿದ್ದವು. ಬಿಳಿಯ ದಪ್ಪ ಕಾಗದ, ಕಪ್ಪು ಅಕ್ಷರ, ಅವಳು ಅಂದುಕೊಂಡಿದ್ದಂತೆಯೇ. ಟಿಂಬ್ರೆಲ್ ಬ್ರದರ್ಸ್, ಶೆಫೀಲ್ಡ್. ಜೋಡಿಸಿದವರು: ತಿಳಿದಿಲ್ಲ. ಪಾಲಿಷ್: ಮಿಸೆಸ್ ಎಚ್. ಬ್ರೂಮ್‌ಹೆಡ್. ಗಂಡನ ಮನೆತನದ ಹೆಸರು ಅಲ್ಲಿಗೆ ತಲುಪಿತ್ತು, ಗಂಡ ತಲುಪಿರಲಿಲ್ಲ. ಅವಳು ಎರಡನೆಯ ಸಲ ಹೋಗಲಿಲ್ಲ.

ಅದರ ಬದಲು ಭಾನುವಾರದ ಸಂತೆಗೆ ಹೋಗತೊಡಗಿದಳು. ಒಂದು ಜೇಬಿನಲ್ಲಿ ಸಿರಿಲ್‌ನ ಭೂತಗನ್ನಡಿ, ಇನ್ನೊಂದರಲ್ಲಿ ಅವನ ಚಾಕು. ಇನ್ನೊಂದು ಸಿಕ್ಕರೆ ಎರಡಾಗುತ್ತದೆ, ಎರಡಕ್ಕೆ ಮತ್ತೊಂದು ಸೇರಬಹುದು. ಟಿಂಬ್ರೆಲ್ ಚಾಕು ಕಂಡಲ್ಲೆಲ್ಲ ಎತ್ತಿ ಅರ್ಧ ತೆರೆದಳು. ಹೊಳೆಯುವ ಚಾಕುಗಳಲ್ಲಿ ಏನೂ ಇರುತ್ತಿರಲಿಲ್ಲ. ಕೊಳೆಯಾದವುಗಳಲ್ಲಿ ಗೀರುಗಳಿಗೆ ಬರವಿರಲಿಲ್ಲ. ವೈಸಿನದು, ಮೊಳೆಯದು, ಯಾರದೋ ಕೀಲಿಕೈಯದು. ಜೇಬಿನ ಚಾಕು ತೆಗೆದು ಪಕ್ಕಕ್ಕೆ ಹಿಡಿದು ನೋಡುತ್ತಿದ್ದಳು. ಹೌದೆನ್ನಿಸುತ್ತಿತ್ತು. ಇನ್ನೊಂದನ್ನು ಹಿಡಿದರೆ ಅದೂ ಹೌದೆನ್ನಿಸುತ್ತಿತ್ತು. ಕಂಪನಿಯವರ ಕಣ್ಣಿಗೆ ಅಕಸ್ಮಾತ್ತಿನ ಗೀರಿನಂತೆ ಕಾಣಲೆಂದೇ ಸಿರಿಲ್ ಅದನ್ನು ಹಾಕಿದ್ದ. ಆ ಕೆಲಸವನ್ನು ಅವನು ಬಹಳ ಚೆನ್ನಾಗಿ ಮಾಡಿದ್ದ. ಯಾವುದು ತನ್ನದೆಂದು ಬಲ್ಲ ಒಂದೇ ಜೊತೆ ಕಣ್ಣು ಈಗ ಮಣ್ಣಿನಲ್ಲಿತ್ತು.

ಒಂದು ಭಾನುವಾರ ಚಾಕು ಮಾರುವವನು ಕೇಳಿದ, "ಏನಜ್ಜಿ, ವಾರ ವಾರ ಬಂದು ತಡಕಾಡ್ತೀರ, ತಗೊಳ್ಳೋದಿಲ್ಲ. ಏನು ಬೇಕು ನಿಮ್ಗೆ?"

"ಉಜ್ಜದೇ ಇರೋದು ಬೇಕು."

"ಉಜ್ಜದೇ ಇರೋದನ್ನ ಯಾರು ಮುಟ್ತಾರೆ? ಹೊಸದಾಗಿ ಒಂದು ಕರೆಂಟಿನ ಚಕ್ರ ತಂದಿದ್ದೀನಿ, ಎಲ್ಲಾ ಮನೇಲೇ ಉಜ್ಜಿ ತರ್ತೀನಿ. ನೋಡಿ ಹೆಂಗೆ ಹೊಳೀತಿದೆ."

ಹೆಟ್ಟಿ ಒಂದನ್ನು ಎತ್ತಿದಳು. ಕೆಟ್ಟ ಕೈ. ಅಲಗಿನ ಬುಡ ಸವೆದು, ಟಿಂಬ್ರೆಲ್ ಎಂಬುದರಲ್ಲಿ ಮೊದಲ ಅಕ್ಷರಗಳಷ್ಟೇ ಉಳಿದಿದ್ದವು.

"ಹೆಸರಿನ ಮೇಲೆ ಚಕ್ರ ಆಡಿಸಬಾರ್ದಪ್ಪ," ಎಂದಳು.

"ಹೋಗ್ಲಿ ಬಿಡಿ ಅಜ್ಜಿ. ಕಂಪ್ನಿ ಮುಚ್ಚಿ ಯಾವ ಕಾಲ ಆಯ್ತು, ಇನ್ಯಾರು ಬಂದು ಕೇಳ್ತಾರೆ?"

ಹೆಟ್ಟಿ ಆ ಚಾಕುವನ್ನು ಕೆಳಗಿಟ್ಟು, ಪಕ್ಕದ್ದನ್ನು ಎತ್ತಿ ಅರ್ಧ ತೆರೆದಳು.